ಐದನೆಯ ಭಾಗದಿಂದ ಅತ್ತವರು

ನನಗಾದ ಅನ್ಯಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮುಂಬೈಯ ಮುಲುಂಡಿನಿಂದ ಮಾಟುಂಗದವರೆಗೆ ಹರಡಿಕೊಂಡಿದ್ದ ಹದಿನೆಂಟು ಕನ್ನಡ ಮನೆಗಳ ಓದುಗರ ಬಳಗಕ್ಕೆ ಹನ್ನೊಂದು ವರ್ಷ ಸಂಚಾಲಕನಾಗಿದ್ದ ನನ್ನನ್ನು, ಮಾಟುಂಗದ ಹೋಟೆಲೊಂದರ ಮಾಳಿಗೆಯ ಮೇಲೆ, ಒಂದು ಭಾನುವಾರ, ಇಡ್ಲಿ ತಿನ್ನುತ್ತ ತಿನ್ನುತ್ತ ಪದಚ್ಯುತಗೊಳಿಸಲಾಯಿತು. ವಿಚಾರಣೆಯಿಲ್ಲ, ನೋಟೀಸಿಲ್ಲ. ನಿರ್ಣಯ ಮಂಡಿಸಿದವರ ಬಾಯಲ್ಲಿ ಚಟ್ನಿಯಿತ್ತು. ಅನುಮೋದಿಸಿದವರ ಬಾಯಲ್ಲಿ ಮಾತಿಗೆ ಎಡೆಯೇ ಇರಲಿಲ್ಲ, ವಡೆಯಿತ್ತು. ಆರೋಪವೇನೆಂದರೆ, ಒಂದು ಪ್ರೇಮ ಕಾದಂಬರಿಯ ಏಳನೆಯ ಹಾಗೂ ಕೊನೆಯ ಭಾಗವನ್ನು ನಾನು ಕಳೆದುಹಾಕಿದೆ ಎಂಬುದು. ಇದಕ್ಕೆಲ್ಲ ಮೂಲವೇನೆಂದರೆ, ನನ್ನ ಷಡ್ಡಕರು ಅತ್ತದ್ದು!

ನನ್ನ ಹೆಂಡತಿಯ ತಂಗಿಯ ಗಂಡನಾದ ಈ ಮಹಾಶಯರ ಕಣ್ಣಿನಲ್ಲಿ ನೀರಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಟ್ರಾಂಬೆಯ ಗುಡ್ಡದಲ್ಲಿ ಗಂಗೆ ಹುಟ್ಟುತ್ತಾಳೆಂಬುದನ್ನು ಎಷ್ಟು ನಂಬುತ್ತಿದ್ದೆನೋ ಅಷ್ಟೇ ನಂಬುತ್ತಿದ್ದೆ. ಅವರು ಧಾರವಾಡದವರು, ಚೆಂಬೂರಿನ ಆಚೆಯ ಒಂದು ಕಾರ್ಖಾನೆಯಲ್ಲಿ ವಾಲ್ವ್ ಪರೀಕ್ಷಕರು. ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳಬೇಕಾದ ವಾಲ್ವುಗಳು ನಿಜಕ್ಕೂ ತೆರೆದುಕೊಳ್ಳುತ್ತವೆಯೇ ಎಂದು ನೋಡುವುದು ಅವರ ಉದ್ಯೋಗ. ಸ್ವತಃ ಅವರು ಯಾವ ಒತ್ತಡಕ್ಕೂ ತೆರೆದುಕೊಂಡವರಲ್ಲ. ಅವರ ಬಾಯಿಂದ ಅತಿ ಹೆಚ್ಚು ಸಲ ಹೊರಟ ಪದ ‘ಫೇಲ್’. ನಾವು ಮುಲುಂಡಿನ ಹೊಸ ಫ್ಲ್ಯಾಟಿಗೆ ಬಂದ ದಿನ, ಹಾಲುಕ್ಕಿಸುವ ಹೊತ್ತಿಗೆ ಬಂದವರು ದೇವರಿಗೂ ಕೈಮುಗಿಯದೆ ನೇರವಾಗಿ ಅಡುಗೆಮನೆಗೆ ನಡೆದು ನಮ್ಮ ಕುಕ್ಕರನ್ನು ಪರೀಕ್ಷಿಸಿದರು. “ಇದರ ಸೇಫ್ಟಿ ವಾಲ್ವ್ ನಂಬೂ ಹಂಗಿಲ್ಲ, ಅಕ್ಕಾರ. ಫೇಲ್!” ಎಂದು ತೀರ್ಪು ಕೊಟ್ಟು, ಅದರ ಮೇಲಿನ ಭಾರವನ್ನು ಕಿಸೆಗೆ ಹಾಕಿಕೊಂಡು ಹೋದರು. ಹನ್ನೆರಡು ದಿನ ನಾವು ಬೇಯದ ಬೇಳೆಯ ಸಾರು ಉಂಡೆವು. ಕೊನೆಗೆ ಭಾರ ಮರಳಿತು, ಕ್ಷಮಾಪಣೆ ಮರಳಲಿಲ್ಲ. ನನ್ನ ದಿನಚರಿಯಲ್ಲಿ ಅದು ದಾಖಲಾಗಿದೆ. ಮರೆಯುವ ಅಭ್ಯಾಸ ನನಗಿಲ್ಲ.

ಅದು ಸಣ್ಣ ಅವಮಾನ. ದೊಡ್ಡದು ಅವರ ಮಗಳ ಮದುವೆಗೆ ಸಂಬಂಧಿಸಿದ್ದು. ಒಬ್ಬಳೇ ಮಗಳು. ಕಾಲೇಜಿನಲ್ಲಿ ಜೊತೆಗೆ ಓದಿದ ಮರಾಠಿ ಹುಡುಗನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ, ಬೋರಿವಲಿಯಲ್ಲಿ ಸಂಸಾರ ಹೂಡಿದಳು. ಮದುವೆಯ ಸಂಜೆ ಗಂಡನೊಡನೆ ಆಶೀರ್ವಾದ ಬೇಡಲು ಬಂದವಳಿಗೆ ಷಡ್ಡಕರು ಬಾಗಿಲು ತೆಗೆಯಲಿಲ್ಲ. ಮುಕ್ಕಾಲು ಗಂಟೆ ಮೆಟ್ಟಿಲಿನ ಮೇಲೆ ನಿಂತು ಆ ಜೋಡಿ ಹೊರಟುಹೋಯಿತು. ಮರುದಿನ ಸಮಾಧಾನ ಹೇಳಲು ಹೋದ ನನಗೆ ಮಾತ್ರ ಬಾಗಿಲು ತೆಗೆದರು. ತೆಗೆಯದಿದ್ದರೇ ಚೆನ್ನಾಗಿತ್ತು!

“ಬರ್ರಿ ಅಣ್ಣಾವ್ರ, ಬರ್ರಿ. ನಿಮ್ಮದs ದಾರಿ ಕಾಯ್ಲಿಕ್ಕತ್ತಿದ್ದೆ. ನಿಮ್ಮ ಬಳಗದ ಪ್ರೇಮದ ಪುಸ್ತಕಾ ಮನಿಗೆ ಬಂದs ನನ್ನ ಮಗಳು ಹಿಂಗಾಗ್ಯಾಳ. ಮಂದಿ ಹುಡುಗ್ಯಾರಿಗೆ ಹಾದಿ ತೋರ್ಸೂ ಧಂದೆ ಎಂದಿನಿಂದ ಹಚ್ಚೀರಿ?”

ಓದುಗರು ಗಮನಿಸಬೇಕು. ಆ ಹುಡುಗಿ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಕನ್ನಡದಲ್ಲಿ ತನ್ನ ಹೆಸರು ಬರೆಯಲು ಅವಳಿಗೆ ಐದು ನಿಮಿಷ ಬೇಕಾಗುತ್ತಿತ್ತು. ಅದರಲ್ಲೂ ಒತ್ತಕ್ಷರವನ್ನು ತಾಯಿಯೇ ಹಾಕಿಕೊಡಬೇಕಾಗಿತ್ತು. ಅಂಥವಳನ್ನು ಕನ್ನಡ ಕಾದಂಬರಿ ಕೆಡಿಸಿತಂತೆ! ಕನ್ನಡ ಕಾದಂಬರಿಗೆ ಅಷ್ಟು ಶಕ್ತಿಯಿದೆ ಎಂದು ಅದನ್ನು ಬರೆಯುವವರೂ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ಅಂದಿನಿಂದ ನಾಲ್ಕು ವರ್ಷ ಆ ಮನೆಯಲ್ಲಿ ಮಗಳ ಹೆಸರೆತ್ತುವಂತಿರಲಿಲ್ಲ. ಇತ್ತ ನಾನೂ ಅವರೂ ದಿನವೂ ಒಂದೇ ಲೋಕಲಿನ ಒಂದೇ ಡಬ್ಬಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರೂ ಹವಾಮಾನದ ಹೊರತು ಬೇರೆ ಮಾತನಾಡುತ್ತಿರಲಿಲ್ಲ. ಮುಂಬೈಯಲ್ಲಿ ಹವಾಮಾನ ಎರಡೇ ಬಗೆಯದು. ಮಾತು ಬೇಗ ಮುಗಿಯುತ್ತಿತ್ತು. ನಾಲ್ಕನೆಯ ವರ್ಷ ಅವರಿಗೊಂದು ಹೊಸ ಚಟ ಅಂಟಿತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ದಾದರಿಗೆ ಹೋಗುವುದು, ಚೀಲದ ತುಂಬ ಬಲಿತ ಗೋರಿಕಾಯಿ ತರುವುದು, ಅದರಲ್ಲಿ ಅರ್ಧವನ್ನು ನಮ್ಮ ಮನೆಗೆ ಕಳಿಸುವುದು. ಮುಲುಂಡಿನಲ್ಲಿ ಗೋರಿಕಾಯಿ ಬೆಳೆಯುವುದಿಲ್ಲ ಸರಿ, ಸಿಗುವುದೂ ಇಲ್ಲವೇ? ಅದನ್ನು ಕೊಳ್ಳಲು ಇಸ್ತ್ರಿಯ ಶರ್ಟೇಕೆ? ಇದನ್ನೂ ನಾನು ಪೀಡನೆಯ ಒಂದು ವಿಧಾನವೆಂದೇ ದಾಖಲಿಸಿಕೊಂಡೆ.

ಇನ್ನು ಬಳಗದ ವಿಷಯ. ಊರಿಗೆ ಹೋದವರು ತಂದ ಹೊಸ ಕಾದಂಬರಿ ಒಂದೇ ಪ್ರತಿ; ಕಾಯುವ ಮನೆಗಳು ಹದಿನೆಂಟು. ಮನೆಗೆ ಹದಿನೈದು ದಿನವೆಂದು ಇಟ್ಟುಕೊಂಡರೂ ಕೊನೆಯ ಮನೆಗೆ ಪುಸ್ತಕ ಮುಟ್ಟುವಾಗ ಎಂಟು ತಿಂಗಳು ಕಳೆದು, ಅಷ್ಟರಲ್ಲಿ ಮೊದಲ ಮನೆಯವರು ಕಥೆಯನ್ನೆಲ್ಲ ಹೇಳಿ ಮುಗಿಸಿರುತ್ತಿದ್ದರು. ಇದಕ್ಕೆ ನಾನು ಕಂಡುಹಿಡಿದ ಪರಿಹಾರ ಬ್ಲೇಡು. ಪುಸ್ತಕದ ಬೆನ್ನು ಬಿಚ್ಚಿ, ಹೊಲಿಗೆ ಬರುವಲ್ಲಿ ಕತ್ತರಿಸಿ, ಏಳು ಭಾಗ ಮಾಡಿ, ಪ್ರತಿಯೊಂದಕ್ಕೂ ಕಂದು ರಟ್ಟು ಹಾಕಿ, ಮನೆಗಳ ಅನುಕ್ರಮದ ಚೀಟಿ ಅಂಟಿಸಿ, ಸುತ್ತಲೂ ಕಾಗದದ ಪಟ್ಟಿ ಕಟ್ಟಿ ಬಿಡುತ್ತಿದ್ದೆ. ಒಂದು ಮನೆಯಲ್ಲಿ ಒಂದು ಭಾಗಕ್ಕೆ ಮೂರು ದಿನ. ಲೋಕಲುಗಳಂತೆ ಒಂದರ ಹಿಂದೆ ಒಂದು ಹೊರಡಬೇಕು. ಗಂಡಸರು ಟಿಫಿನ್ ಚೀಲದಲ್ಲಿಟ್ಟುಕೊಂಡು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಸಾಗಿಸುವವರು, ಹೆಂಗಸರು ಓದುವವರು. ನಾನಾದರೂ ಕಾದಂಬರಿ ಓದುವವನಲ್ಲ, ಜೋಡಿಸುವವನು. ವಾಕ್ಯ ಮುಗಿಯುವಲ್ಲಿ ಕತ್ತರಿಸುವುದಿಲ್ಲವೆಂದು ಕೆಲವರು ಗೊಣಗುತ್ತಿದ್ದುದುಂಟು. ಹೊಲಿಗೆ ಬರುವ ಹೊತ್ತಿಗೆ ವಾಕ್ಯ ಮುಗಿಸುವುದು ಲೇಖಕರ ಕೆಲಸವಲ್ಲವೇ?

ಅನುಕ್ರಮದಲ್ಲಿ ಮೊದಲ ಮನೆ ಷಡ್ಡಕರದು, ಕೊನೆಯದು ನನ್ನದು. ಗಂಡನ ಸಿಟ್ಟಿಗೆ ಮಗಳನ್ನು ಬಿಟ್ಟುಕೊಟ್ಟ ನನ್ನ ನಾದಿನಿ ಪುಸ್ತಕವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. “ಭಾಗ ತರದಿದ್ದರೆ ಡಬ್ಬಿ ಕಟ್ಟೋಲ್ಲ” ಎಂದು ಹೇಳಿದ್ದಳಂತೆ. ಹೀಗಾಗಿ ಪ್ರೇಮದ ವೈರಿಯೇ ಪ್ರೇಮದ ಹಮಾಲನಾಗಿ, ಮೂರು ದಿನಕ್ಕೊಮ್ಮೆ ನನ್ನ ಕೈಯಿಂದ ಒಂದು ಭಾಗವನ್ನು, ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಐದನೆಯ ಭಾಗವನ್ನು ಅವರಿಗೆ ಒಪ್ಪಿಸಿದ ಅರ್ಧ ಗಂಟೆಯಲ್ಲಿ, ವಿಕ್ರೋಳಿ ಮತ್ತು ಘಾಟಕೋಪರ್ ನಡುವೆ ಹಳಿಯ ಮೇಲೆ ನೀರು ನಿಂತು ನಮ್ಮ ಲೋಕಲ್ ನಿಂತಿತು. ಎರಡೂ ಮುಕ್ಕಾಲು ಗಂಟೆ. ಎದುರಿನವರು ಇಸ್ಪೀಟು ಹರಡಿಕೊಂಡರು. ನಾನು ಪತ್ರಿಕೆಯನ್ನು ಜಾಹೀರಾತು ಸಮೇತ ಓದಿದೆ. ಷಡ್ಡಕರು ಟಿಫಿನ್ ಮುಗಿಸಿದರು, ಫ್ಯಾನನ್ನು ನೋಡಿ ‘ಫೇಲ್’ ಎಂದರು, ಕೊನೆಗೆ ಬೇರೆ ದಾರಿಯಿಲ್ಲದೆ ಐದನೆಯ ಭಾಗದ ಪಟ್ಟಿ ಬಿಚ್ಚಿದರು. ಮುಕ್ಕಾಲು ಗಂಟೆಯ ನಂತರ ಒಂದು ವಿಚಿತ್ರ ಸದ್ದು ಕೇಳಿಸಿತು. ಕುಕ್ಕರಿನಿಂದ ಹಬೆ ಸೋರುವಂಥದು. ತಿರುಗಿ ನೋಡಿದರೆ ಷಡ್ಡಕರು ಅಳುತ್ತಿದ್ದಾರೆ!

ಇಸ್ಪೀಟಿನವರಲ್ಲಿ ಹಿರಿಯನಾದವನು ಎಲೆ ಕೆಳಗಿಟ್ಟು ಮೆಲ್ಲಗೆ ಕೇಳಿದ: “ಕಾಕಾ, ಕಾಯ್ ಝಾಲಂ? ಘರ್ಚಂ ಕೋಣೀ ಗೇಲಂ ಕಾ?”

ಮನೆಯವರು ಯಾರಾದರೂ ಹೋದರೇ ಎಂಬ ಆ ಪ್ರಶ್ನೆಗೆ ಷಡ್ಡಕರು ಮೂಗೊರೆಸಿಕೊಳ್ಳುತ್ತ, “ಗೇಲಾ ಹೋ... ತಿಲಾ ಸೋಡೂನ್ ಗೇಲಾ!” ಎಂದರು. ಹೋದ, ಅವಳನ್ನು ಬಿಟ್ಟು ಹೋಗಿಬಿಟ್ಟ!

ಇಡೀ ಡಬ್ಬಿ ಇತ್ತ ತಿರುಗಿತು. ಇಸ್ಪೀಟನ್ನು ಕಟ್ಟಿಟ್ಟರು. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಕಿಟಕಿಯ ಸೀಟು ಬಿಟ್ಟುಕೊಟ್ಟು, “ಅಳಿಯನೇ?” ಎಂದು ನನ್ನ ಕಿವಿಯಲ್ಲಿ ವಿಚಾರಿಸಿದರು. ಕಾದಂಬರಿಯ ನಾಯಕ ಎಂದು ಯಾವ ಮುಖದಿಂದ ಹೇಳಲಿ? ತಲೆ ತಗ್ಗಿಸಿದೆ. ಅದನ್ನೂ ಶೋಕವೆಂದೇ ತಿಳಿದರು. ಆಮೇಲೆ ಒಂದು ವಾರ ಆ ಡಬ್ಬಿಯಲ್ಲಿ ಷಡ್ಡಕರಿಗೆ ಕಿಟಕಿಯ ಸೀಟು ಕಾದಿರುತ್ತಿತ್ತು. ಹತ್ತೊಂಬತ್ತು ವರ್ಷ ಅದೇ ಲೋಕಲಿನಲ್ಲಿ ನಿಂತು ಹೋದ ನನಗೆ, ಸತ್ಯವಂತನಾದ ಕಾರಣ, ಸರಳು ಮಾತ್ರ!

ಆದರೆ ಅವರು ಅತ್ತದ್ದಾದರೂ ಯಾರಿಗಾಗಿ? ಆಮೇಲೆ ಬಳಗದ ಎಲ್ಲ ಹೆಂಗಸರಿಗೂ ಗೊತ್ತಾದಂತೆ, ಆ ನಾಯಕನೆಂಬವನು ಮೊದಲ ನಾಲ್ಕು ಭಾಗಗಳಲ್ಲಿ ನಾಯಕಿಯನ್ನು ನಂಬಿಸಿ, ಅವಳ ಪತ್ರಗಳಿಗೆ ಉತ್ತರಿಸದೆ, ಅವಳು ಬಾಗಿಲಿಗೆ ಬಂದರೆ ಮುಖ ತಿರುಗಿಸಿದ ಅಧಮ. ಐದನೆಯದರಲ್ಲಿ ಅವನಿಗೆ ಪಶ್ಚಾತ್ತಾಪ ಹುಟ್ಟುತ್ತದೆ. ನನ್ನ ಷಡ್ಡಕರು ಐದರಿಂದ ಓದಿದವರು! ಅವರ ಪಾಲಿಗೆ ಅವನು ಪತ್ರ ಬರೆದು ಬರೆದು ಹರಿಯುವ, ಅವಳ ಊರಿನ ಸ್ಟೇಷನ್ನಿನವರೆಗೆ ಹೋಗಿ ಇಳಿಯದೆ ಮರಳುವ, ಪಾಪದ ಮನುಷ್ಯ. ಈ ಪ್ರಮಾದವನ್ನು ತಿದ್ದುವುದು ಸಂಚಾಲಕನ ಕರ್ತವ್ಯವೆಂದು ಬಗೆದು, ನಾದಿನಿ ತನ್ನ ಅಕ್ಕನಿಗೆ ಹೇಳಿ, ಅವಳಿಂದ ನಾನು ಕೇಳಿ ತಿಳಿದ ಅವನ ಅಪರಾಧಗಳನ್ನೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಒಂದೊಂದಾಗಿ ವಿವರಿಸಿದೆ. ಮೊದಲ ನಾಲ್ಕು ಭಾಗ ಓದಿರೆಂದೆ.

“ಒಲ್ಲೆರಿ,” ಎಂದರು. “ಹಿಂದಿನ್ದು ತೊಗೊಂಡು ಏನ್ಮಾಡೂದದ? ನಾ ಅಂವನ್ನ ಕಂಡದ್ದs ಈಗ. ಈಗ ಅಂವಾ ಚೊಲೋ ಇದ್ದಾನ.”

“ಆದರೆ ದಾಖಲೆ ಇದೆಯಲ್ಲ!”

“ನಿಮ್ಮಂಥಾವ್ರು ಬಾಜೂಕ ಇದ್ರ, ಮನಶ್ಯಾ ಸುಧಾರಿಸಿದ್ರೂ ಸುಖಾ ಇಲ್ಲ ಬಿಡ್ರಿ, ಅಣ್ಣಾವ್ರ.”

ಇದೂ ದಿನಚರಿಯಲ್ಲಿದೆ.

ಆರನೆಯ ಭಾಗವನ್ನು ಅವರು ಎರಡು ಬೆರಳಲ್ಲಿ ಹಿಡಿಯಲಿಲ್ಲ. ಎರಡು ಕೈಯಲ್ಲಿ ಇಸಿದುಕೊಂಡರು. ಅದರ ಕೊನೆಯಲ್ಲಿ ನಾಯಕ ಅವಳ ಮನೆಯ ಬಾಗಿಲು ತಟ್ಟುತ್ತಾನೆ. ಒಳಗೆ ಹೆಜ್ಜೆಯ ಸಪ್ಪಳ. ‘ಅವಳು ಚಿಲಕದ ಮೇಲೆ ಕೈ’ ಎಂಬಲ್ಲಿಗೆ ಪುಟ ಮುಗಿಯುತ್ತದೆ. ಅಲ್ಲಿ ಹೊಲಿಗೆಯಿತ್ತು, ನಾನು ಕತ್ತರಿಸಿದ್ದೆ. ಇದರಲ್ಲಿ ನನ್ನ ತಪ್ಪೇನು?

ಏಳನೆಯ ಭಾಗವನ್ನೂ ಕ್ರಮದಂತೆ ಒಪ್ಪಿಸಿದೆ. ಮೂರು ದಿನವಾಯಿತು, ಆರಾಯಿತು, ಅದು ಎರಡನೆಯ ಮನೆಗೆ ಹೋಗಲಿಲ್ಲ. ನಾದಿನಿಗೂ ಸಿಕ್ಕಿರಲಿಲ್ಲ. “ಅಕ್ಕಾ, ಫ್ಯಾಕ್ಟರಿ ಲಾಕರಿನಲ್ಲಿ ಇಟ್ಟಿದ್ದಾರಂತೆ, ಓದೂ ಇಲ್ಲವಂತೆ. ಈ ಮನುಷ್ಯನಿಗೆ ಏನಾಗಿದೆ?” ಎಂದು ನನ್ನ ಹೆಂಡತಿಯ ಮುಂದೆ ಅತ್ತಳು. ಕಾರ್ಖಾನೆಯಿಂದಲೂ ಸುದ್ದಿ ಬಂತು. ಫೇಲಾಗಬೇಕಿದ್ದ ವಾಲ್ವೊಂದನ್ನು ಕೈಯಲ್ಲಿ ಹಿಡಿದು, “ಇದಕ್ಕ ಇನ್ನೊಂದು ಸಲ ನೋಡೋಣು” ಎಂದರಂತೆ. ಜೊತೆಯವರು ಹೌಹಾರಿ ಡಾಕ್ಟರರನ್ನು ಕರೆಸಿದರಂತೆ.

ಇತ್ತ ಆರನೆಯ ಭಾಗ ಮನೆಯಿಂದ ಮನೆಗೆ ಹೋದಂತೆಲ್ಲ, ಚಿಲಕದ ಮೇಲೆ ಕೈಯಿಟ್ಟ ಹೆಂಗಸಿನ ಮುಂದೇನೆಂದು ತಿಳಿಯದೆ ಬಳಗ ಕುದಿಯತೊಡಗಿತು. ಇನ್ನೊಂದು ಪ್ರತಿ ತರಿಸೋಣವೆಂದರೆ, ಮುದ್ರಣ ತೀರಿದೆಯೆಂದು ಪ್ರಕಾಶಕರ ಕಾರ್ಡು ಬಂತು. ಬಳಗದ ಅಧ್ಯಕ್ಷೆ, ಮಾಟುಂಗದಲ್ಲಿದ್ದ ಕರಾವಳಿಯ ಮಹಿಳೆ, ನೆರೆಮನೆಯ ಫೋನಿಗೆ ನನ್ನನ್ನು ಕರೆಸಿ ಹೇಳಿದರು: “ಎಂಥ ಮಾರಾಯ್ರೆ, ನಿಮ್ಮ ಏಳನೆಯ ಭಾಗ ಎಲ್ಲಿ ಉಂಟು? ಆ ಹೆಂಗಸಿಗೆ ಕೈ ನೋಯುವುದಿಲ್ಲವಾ?”

ನಾನು ಷಡ್ಡಕರನ್ನು ಪ್ಲಾಟ್‌ಫಾರ್ಮಿನಲ್ಲಿ ತಡೆದು ನಿಲ್ಲಿಸಿದೆ. ಓದಿ, ಇಲ್ಲವೇ ಕೊಡಿ ಎಂದೆ.

“ಅಕಿ ಚಿಲಕದ ಮ್ಯಾಲ ಕೈ ಇಟ್ಟು ಇವತ್ತಿಗೆ ಹನ್ನೊಂದು ದಿನಾ ಆತ್ರಿ,” ಎಂದರು, ರೈಲು ಬರುವ ದಿಕ್ಕು ನೋಡುತ್ತ. “ಓದಲಿಕ್ಕೆ ಧೈರ್ಯ ಇಲ್ಲ. ಮಂದಿಗೆ ಕೊಟ್ರ ಓದಿ ನನಗ ಹೇಳದs ಬಿಡ್ತಾರೇನು? ಅಕಿ ವಿಚಾರ ಮಾಡ್ಲಿ ಬಿಡ್ರಿ, ಗಡಿಬಿಡಿ ಯಾಕ?”

ಹದಿನೆಂಟು ಮನೆಗಳ ಸಹನೆಯನ್ನು ಈ ಮನುಷ್ಯ ಲಾಕರಿನಲ್ಲಿಟ್ಟು ಬೀಗ ಹಾಕಿದ್ದರು. ಬರುವ ಭಾನುವಾರದ ಮುಂದಿನ ಭಾನುವಾರ ಬಳಗದ ಸಭೆ ಕರೆದಿರುವುದಾಗಿಯೂ, ಆ ದಿನ ಏಳನೆಯ ಭಾಗವನ್ನು ಹಾಜರುಪಡಿಸದಿದ್ದರೆ ನನ್ನ ಹನ್ನೊಂದು ವರ್ಷದ ಹೆಸರು ಮಣ್ಣಾಗುವುದಾಗಿಯೂ ಅವರಿಗೆ ಲಿಖಿತವಾಗಿಯೇ ತಿಳಿಸಿದೆ.

ಸಭೆಗೆ ಇನ್ನೂ ಒಂದು ವಾರವಿದ್ದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯ ಬಾಗಿಲಲ್ಲಿ ಷಡ್ಡಕರು. ಇಸ್ತ್ರಿಯ ಶರ್ಟು, ಖಾಲಿ ಚೀಲ, ಕೈಯಲ್ಲಿ ಏಳನೆಯ ಭಾಗ. ನಾನು ಕಟ್ಟಿದ ಕಾಗದದ ಪಟ್ಟಿ ಹಾಗೆಯೇ ಇತ್ತು.

“ನೀವು ಓದ್ರಿ,” ಎಂದರು. “ಓದಿ ನನಗ ಒಂದs ಮಾತು ಹೇಳ್ರಿ. ಅಕಿ ಬಾಗಲಾ ತಗದ್ಲೋ ಇಲ್ಲೋ?”

“ಕುಳಿತುಕೊಳ್ಳಿ, ಕಾಫಿ...”

“ಕೂಡಂಗಿಲ್ರಿ. ಇದೂ ಸೇರಿ ಏಳನೇ ಐತವಾರ. ದಾದರಿನ ತನಕಾ ಹೋಗ್ತೀನಿ. ಬ್ರಿಜ್ ಹತ್ತತೀನಿ. ಆ ಕಡೆ ಇಳದ್ರ ಬೋರಿವಲಿ ಗಾಡಿ ನಿಂತಿರ್ತದ. ಕಾಲs ಇಳಿಯೂದಿಲ್ಲ. ನಾ ತಗೀಲಿಲ್ಲಲ್ರಿ ಅಕಿಗೆ, ಆವತ್ತು... ಅಕಿ ಯಾಕ ತಗೀಬೇಕು ನನಗ? ಬರೇ ಕೈಲೆ ಮನಿಗೆ ಹೋದ್ರ ಇಕಿ ಕೇಳ್ತಾಳ ಅಂತ ಗೋರಿಕಾಯಿ ತೊಗೊಂಡು ಹೊಳ್ಳಿ ಬರ್ತೀನಿ.” ಭಾಗವನ್ನು ನನ್ನ ಕೈಗಿಟ್ಟರು. “ಈ ಹೆಣ್ಣಮಗಳು ತಗದಾಳಂದ್ರ ನಾ ಇವತ್ತು ಬ್ರಿಜ್ ಇಳೀತೀನಿ. ಇಲ್ಲಾ ಅಂದ್ರ ಇನ್ನ ಹೋಗೂದs ಬ್ಯಾಡ.”

ನಾನು ಕಿಟಕಿಯ ಬಳಿ ಹೋಗಿ ಪಟ್ಟಿ ಬಿಚ್ಚಿದೆ. ನನ್ನ ಜೀವನದಲ್ಲಿ ಓದಿದ ಮೊದಲ ಪ್ರೇಮ ಕಾದಂಬರಿಯನ್ನು ಏಳನೆಯ ಭಾಗದಿಂದ ಓದಿದೆ. ಮೇಲಿನ ಸಾಲು ನನ್ನ ಬ್ಲೇಡು ತುಂಡರಿಸಿದ್ದ ವಾಕ್ಯದ ಉಳಿದರ್ಧ: ‘ಇಟ್ಟು, ಭದ್ರವಾಗಿದೆಯೆಂದು ನೋಡಿ, ಹಿಂದೆಗೆದಳು.’ ಮುಂದಿನ ಇಪ್ಪತ್ತು ಪುಟ ಅವಳು ಬಾಗಿಲಿನ ಈಚೆ ನೆಲದ ಮೇಲೆ ಕುಳಿತಿರುತ್ತಾಳೆ, ಅವನು ಆಚೆ. ಬೆಳಗಾದಾಗ ಮೆಟ್ಟಿಲು ಬರಿದಾಗಿರುತ್ತದೆ. ಚೆನ್ನಾಗಿ ಬರೆದಿದ್ದರು. ಕನ್ನಡಕವನ್ನು ಎರಡು ಸಲ ಒರೆಸಿಕೊಳ್ಳಬೇಕಾಯಿತು. ಆ ಕಿಟಕಿಯಿಂದ ಧೂಳು ಬರುತ್ತಿತ್ತು.

ಫೋರ್ಟಿನ ಕಚೇರಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ದಾಖಲೆಗಳನ್ನು ಕಾಯ್ದವನು ನಾನು. ಇದ್ದುದನ್ನು ಇಲ್ಲವೆಂದು, ಇಲ್ಲದ್ದನ್ನು ಇದೆಯೆಂದು ಒಂದು ಅಕ್ಷರ ಬರೆದವನಲ್ಲ. ತಿರುಗಿ ನೋಡಿದೆ. ಇಸ್ತ್ರಿಯ ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದರು, ಹೆಣ್ಣು ನೋಡಲು ಬಂದ ವರನಂತೆ. ಈ ಮನುಷ್ಯನ ನಾಲ್ಕು ಭಾಗದಷ್ಟು ಅಪರಾಧಗಳು ನನ್ನ ದಿನಚರಿಯಲ್ಲಿದ್ದವು.

“ತೆಗೆದಳು,” ಎಂದೆ.

“ಲಗೂನ ತಗದ್ಲೇನ್ರಿ?”

“ಲಗೂನೆ ತೆಗೆದಳು.”

“ಬೈದ್ಲೇನು?”

“ಸ್ವಲ್ಪ ಬೈದಳು,” ಎಂದೆ. ಸುಳ್ಳಾದರೂ ನಂಬುವಂತಿರಬೇಡವೇ?

ಚೀಲವನ್ನು ನಮ್ಮ ಮೆಟ್ಟಿಲಿನ ಮೇಲೇ ಮರೆತು ಅವರು ಇಳಿದುಹೋದರು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ನನ್ನ ಮುಖ ನೋಡಿದಳು. “ಅವಳು ತೆಗೀಲಿಲ್ಲ ಅಲ್ವಾ?”

“ಬರೆದದ್ದನ್ನೇ ಹೇಳಿದೆ.”

“ನಿಮ್ಮ ಕಿವಿ ಕೆಂಪಾಗಿದೆ ಕಣ್ರೀ,” ಎಂದು, ಮದುವೆಯಾದ ಇಷ್ಟು ವರ್ಷಗಳಲ್ಲಿ ಎಂದೂ ಮಾಡದಂತೆ, ನನ್ನ ಕಾಫಿಗೆ ಕೇಳದೆಯೇ ಎರಡನೆಯ ಚಮಚ ಸಕ್ಕರೆ ಹಾಕಿದಳು.

ಸೋಮವಾರ ಪ್ಲಾಟ್‌ಫಾರ್ಮಿನಲ್ಲಿ ಷಡ್ಡಕರು ತಾವಾಗಿಯೇ ಹೇಳಿದರು. ಬಾಗಿಲು ತೆಗೆದದ್ದು ಮಗಳೇ. ಕಂಕುಳಲ್ಲಿ ಇವರು ನೋಡಿಯೇ ಇರದ ಒಂದೂವರೆ ವರ್ಷದ ಮಗು. ನಿತ್ಯದ ಗಾಡಿ ತಪ್ಪಿಸಿಕೊಂಡವರನ್ನು ಕೇಳುವಂತೆ, “ಪಪ್ಪಾ, ಇತ್‌ನಾ ಲೇಟ್ ಯಾಕ ಮಾಡಿದ್ರಿ?” ಎಂದಳಂತೆ. ಅಷ್ಟು ಹೇಳಿ ಷಡ್ಡಕರು ಮತ್ತೆ ಅತ್ತರು. ಡಬ್ಬಿ ಹತ್ತಿದ ಮೇಲೆ ಅಂದು ಇಸ್ಪೀಟಿನ ಹಿರಿಯನೇ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟ.

ಇನ್ನು ಸಭೆ. ಅದರ ಹೊತ್ತಿಗೆ ಷಡ್ಡಕರು ‘ಅಕಿ ತಗದಾಳಂತ, ಅಣ್ಣಾವ್ರು ಓದ್ಯಾರ’ ಎಂದು ಮುಲುಂಡಿನಿಂದ ಮಾಟುಂಗದವರೆಗೆ ಸಾರಿಬಿಟ್ಟಿದ್ದರು. ಅಧ್ಯಕ್ಷೆ ಕೇಳಿದರು: “ನೀವು ಓದಿದ್ದೀರಿ, ನಿಮ್ಮ ಷಡ್ಡಕರು ಕೇಳಿದ್ದಾರೆ. ಮತ್ತೆ ನಮಗೆ ಮಾತ್ರ ಎಂತಕ್ಕೆ ಇಲ್ಲ?” ನಾನು, “ಕಳೆದುಹೋಗಿದೆ,” ಎಂದೆ. ಹದಿನೆಂಟು ಮನೆಗಳಲ್ಲಿ ಯಾರೊಬ್ಬರ ಕೈಗೆ ಆ ಭಾಗ ಹೋದರೂ, ಮರುದಿನ ಬೆಳಗಿನೊಳಗೆ ಅದರ ಕೊನೆ ಷಡ್ಡಕರ ಕಿವಿಗೆ ಬೀಳುತ್ತಿತ್ತು. ಬ್ರಿಜ್ ಇಳಿದು ಒಂದೇ ವಾರವಾಗಿತ್ತು. ಕಾಲಿನ್ನೂ ಹೊಸದು. ನನ್ನ ಪರವಾಗಿ ಎದ್ದು ನಿಲ್ಲಬೇಕಾಗಿದ್ದ ಒಬ್ಬರೇ ವ್ಯಕ್ತಿ ಆ ಹೊತ್ತಿನಲ್ಲಿ ಬೋರಿವಲಿಯಲ್ಲಿ ಕುಳಿತು ಮೊಮ್ಮಗುವಿನ ಹಾಲಿನ ಬಾಟಲಿಯ ನಿಪ್ಪಲನ್ನು ಫೇಲ್ ಮಾಡುತ್ತಿದ್ದರು. ಇದೂ ದಾಖಲಾಗಿದೆ.

ಆ ಮಾತಿಗೆ ಈಗ ಐದು ವರ್ಷ. ಅವರು ಈ ಬರಹವನ್ನು ಓದಿದರೂ ಇನ್ನು ಭಯವಿಲ್ಲ. ಆದ್ದರಿಂದ ಅಂದು ಕೈಯೆತ್ತಿದವರನ್ನು ಇಂದು ಕೇಳುತ್ತೇನೆ. ಏಳನೆಯ ಭಾಗ ಎಲ್ಲಿ ಎಂದು ಹದಿನೇಳು ಸಲ ಕೇಳಿದಿರಿ. ಏಕೆ ಎಂದು ಒಬ್ಬರೂ ಕೇಳಲಿಲ್ಲ. ಮೇಲಿನ ಗುಂಡಿಯನ್ನೂ ಹಾಕಿಕೊಂಡು ಆ ಮನುಷ್ಯ ನಿಮ್ಮ ಹೊಸ್ತಿಲಿಗೆ ಬಂದು ನಿಂತಿದ್ದರೆ, ಇಡ್ಲಿ ತಿಂದು ನ್ಯಾಯ ಹೇಳಿದ ಮಹನೀಯರೇ, ಮಹಿಳೆಯರೇ, ನಿಮ್ಮಲ್ಲಿ ಯಾರು ಪುಸ್ತಕದಲ್ಲಿದ್ದುದನ್ನೇ ಓದಿ ಹೇಳುತ್ತಿದ್ದಿರಿ?